ಚೀಟಿ ಯಾರ ಕೈಯಲ್ಲಿ? ಬಿಡದ ಜಡ್ಡಿನ ಆರೈಕೆ ರೋಗಿಯ ಕೈಗೆ ಬಂದ ಕಥೆ

ಗುರುಗುಂಟಾ ಸುತ್ತಲಿನ ಹಳ್ಳಿಗಳಲ್ಲಿ ಎಷ್ಟೋ ಮನೆಗಳ ಗೋಡೆಯ ಮೊಳೆಗೆ ಒಂದು ಪ್ಲಾಸ್ಟಿಕ್ ಚೀಲ ತೂಗುಹಾಕಿರುತ್ತಾರೆ. ಯಾವುದೋ ಬಟ್ಟೆ ಅಂಗಡಿಯ ಹೆಸರಿರುವ ಚೀಲ. ಒಳಗೆ ಎಕ್ಸ್‌ರೇ, ರಕ್ತ ತಪಾಸಣೆಯ ವರದಿ, ಔಷಧ ಅಂಗಡಿಯ ಬಿಲ್ಲು, ಮಡಿಚಿದಲ್ಲೆಲ್ಲ ಹರಿದ ಡಾಕ್ಟರ ಚೀಟಿ, ಅರ್ಧ ಖಾಲಿಯಾದ ಗುಳಿಗೆ ಪಟ್ಟಿ ಇರುತ್ತವೆ. ಮನೆಯಲ್ಲಿ ಯಾರಿಗಾದರೂ ಶುಗರ್, ಬಿಪಿ, ದಮ್ಮು ಇದ್ದರೆ ಈ ಚೀಲವೇ ಅವರ ದವಾಖಾನಿ. ಲಿಂಗಸುಗೂರಿಗೆ ಹೋದರೂ ರಾಯಚೂರಿಗೆ ಹೋದರೂ ಚೀಲ ಜೊತೆಗೆ ಹೋಗುತ್ತದೆ. ಬೆಂಗಳೂರಿಗೋ ಪುಣೆಗೋ ಗುಳೆ ಹೋಗುವಾಗ ಮಾತ್ರ ಬಹಳ ಸಲ ಮೊಳೆಯಲ್ಲೇ ಉಳಿದುಬಿಡುತ್ತದೆ.

ಸುದ್ದಿಗಾಗಿ ಸರ್ಕಾರಿ ದವಾಖಾನಿಗಳಿಗೆ ಹೋದಾಗಲೆಲ್ಲ ನನ್ನ ಕಿವಿಗೆ ಹೆಚ್ಚು ಬೀಳುವ ಪ್ರಶ್ನೆ ಒಂದೇ: ‘ಹಳೇ ಚೀಟಿ ಎಲ್ಲೈತಿ?’ ಚೀಟಿ ಇಲ್ಲದಿದ್ದರೆ ತಪಾಸಣೆ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಅದರ ಜೊತೆಗೆ ಒಂದು ಬೈಗುಳವೂ ಸಿಗುತ್ತದೆ: ಹಳ್ಳಿ ಮಂದಿಗೆ ತಮ್ಮ ಜಡ್ಡಿನ ಬಗ್ಗೆ ಖಬರೇ ಇಲ್ಲ ಎಂದು.

ಈ ಬೈಗುಳ ಹೊಸದಲ್ಲ. ಕಳೆದ ನೂರು ವರ್ಷಗಳಲ್ಲಿ ಕ್ಷಯ, ಕುಷ್ಠ, ಸಕ್ಕರೆ ಕಾಯಿಲೆ, ಎಚ್‌ಐವಿ ಎಲ್ಲದರಲ್ಲೂ ಇದೇ ಮಾತು ಬಂದಿದೆ. ಪ್ರತಿ ಸಲವೂ ಯಾರಾದರೂ ಕುಳಿತು ಸರಿಯಾಗಿ ಪರಿಶೀಲಿಸಿದಾಗ ಉತ್ತರ ಬೇರೆಯೇ ಬಂದಿದೆ. ಬಿಡದ ಜಡ್ಡಿನ ಆರೈಕೆ ಮಾಡಿಕೊಳ್ಳಲು ರೋಗಿ ತಯಾರಿದ್ದ. ಅವನ ಕೈಗೆ ಬೇಕಾದ ಔಷಧ, ಮಾಹಿತಿ, ಕಾಗದ ತಲುಪಿರಲಿಲ್ಲ. ಅದು ಹೇಗೆ ತಲುಪಿತು, ಇನ್ನೂ ಎಲ್ಲಿ ತಲುಪಿಲ್ಲ ಎಂಬುದೇ ಈ ಬರಹದ ವಿಷಯ.

ಬಾಟಲಿ ಒಯ್ಯುವ ಕಾಲ

ಗುರುಗುಂಟಾ ಹಿಂದೆ ನಿಜಾಮರ ಹೈದರಾಬಾದ್ ರಾಜ್ಯದೊಳಗಿನ ಸಣ್ಣ ಸಂಸ್ಥಾನವಾಗಿತ್ತು. ಪಕ್ಕದ ಲಿಂಗಸುಗೂರು ಒಂದು ಕಾಲಕ್ಕೆ ಹೈದರಾಬಾದ್ ಕಂಟಿಂಜೆಂಟ್ ಸೈನ್ಯದ ಛಾವಣಿ. ಆಮೇಲೆ 1905ರವರೆಗೆ ಜಿಲ್ಲಾ ಕೇಂದ್ರ. ನಾವು ಇವತ್ತಿಗೂ ಆಸ್ಪತ್ರೆ ಎನ್ನದೆ ದವಾಖಾನಿ ಎನ್ನುವುದು ಆ ಕಾಲದ ಉಳಿಕೆ. 1948ರ ಸೆಪ್ಟೆಂಬರ್ 17ರಂದು ನಿಜಾಮರ ಆಳ್ವಿಕೆ ಮುಗಿಯಿತು. 1956ರ ನವೆಂಬರ್ 1ರಂದು ರಾಯಚೂರು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಆದರೆ ದವಾಖಾನಿಯ ಒಳಗಿನ ಪದ್ಧತಿ ಅಷ್ಟು ಬೇಗ ಬದಲಾಗಲಿಲ್ಲ.

ಹಿರಿಯರಿಗೆ ನೆನಪಿರುತ್ತದೆ: ದವಾಖಾನಿಗೆ ಹೋಗುವಾಗ ಮನೆಯಿಂದ ಖಾಲಿ ಬಾಟಲಿ ಒಯ್ಯಬೇಕಿತ್ತು. ಕಾಂಪೌಂಡರ್ ಅದಕ್ಕೆ ಕೆಂಪನೆಯ ಮಿಕ್ಸ್ಚರ್ ತುಂಬಿ, ಹೊರಗೆ ಕತ್ತರಿಯಿಂದ ಕಚ್ಚು ಮಾಡಿದ ಕಾಗದದ ಪಟ್ಟಿ ಅಂಟಿಸುತ್ತಿದ್ದ. ಒಂದು ಕಚ್ಚು ಅಂದರೆ ಒಂದು ಹೊತ್ತಿನ ಔಷಧ. ಬಾಟಲಿಯೊಳಗೆ ಏನಿದೆ, ಜಡ್ಡಿನ ಹೆಸರೇನು, ಎಷ್ಟು ದಿನ ಕುಡಿಯಬೇಕು ಎಂಬುದು ರೋಗಿಗೆ ಗೊತ್ತಿರುತ್ತಿರಲಿಲ್ಲ. ಅವೆಲ್ಲ ಒಳಗಿನ ರಿಜಿಸ್ಟರಿನಲ್ಲಿ ಇರುತ್ತಿದ್ದವು. ಬಂದು ಹೋಗುವ ಜ್ವರಕ್ಕೆ, ಕೆಮ್ಮಿಗೆ ಈ ಪದ್ಧತಿ ಸಾಕಾಗಿತ್ತು. ಬಂದು ಮನೆಯಲ್ಲೇ ಕೂರುವ ಜಡ್ಡಿಗೆ ಸಾಕಾಗುತ್ತಿರಲಿಲ್ಲ.

ಸೂಜಿ ಮನೆಗೆ ಬಂತು

ರೋಗಿಯ ಸಹಾಯವಿಲ್ಲದೆ ಡಾಕ್ಟರು ಏನೂ ಮಾಡಲಾಗದ ಮೊದಲ ದೊಡ್ಡ ಕಾಯಿಲೆ ಸಕ್ಕರೆ ಕಾಯಿಲೆ. 1921ರಲ್ಲಿ ಕೆನಡಾದ ಟೊರೊಂಟೊದಲ್ಲಿ ಇನ್ಸುಲಿನ್ ಕಂಡುಹಿಡಿದರು. 1922ರ ಜನವರಿಯಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ 14 ವರ್ಷದ ಹುಡುಗನಿಗೆ ಮೊದಲ ಸಲ ಚುಚ್ಚಿದರು. ಹುಡುಗ ಬದುಕಿದ. ಆದರೆ ಆ ಔಷಧ ರೋಗವನ್ನು ಗುಣ ಮಾಡುವಂಥದ್ದಲ್ಲ. ದಿನಾ ಬೇಕು, ಊಟಕ್ಕೆ ತಕ್ಕಂತೆ ಬೇಕು, ಹೆಚ್ಚಾದರೆ ಪ್ರಾಣಕ್ಕೇ ಅಪಾಯ. ದಿನಾ ಸೂಜಿ ಹಾಕಿಸಿಕೊಳ್ಳಲು ಜೀವನವಿಡೀ ಆಸ್ಪತ್ರೆಯಲ್ಲಿ ಇರಲಾಗುತ್ತದೆಯೇ?

ಅಮೆರಿಕದ ಬಾಸ್ಟನ್ನಿನ ಡಾ. ಎಲಿಯಟ್ ಜಾಸ್ಲಿನ್ ಇದಕ್ಕೆ ಮೊದಲೇ, 1918ರಲ್ಲೇ, ಡಾಕ್ಟರು ಮತ್ತು ರೋಗಿ ಇಬ್ಬರೂ ಓದಲೆಂದು ಸಕ್ಕರೆ ಕಾಯಿಲೆಯ ಕೈಪಿಡಿ ಬರೆದಿದ್ದರು. ಇನ್ಸುಲಿನ್ ಬಂದ ಮೇಲೆ ರೋಗಿಗೇ ಸೂಜಿ ಹಾಕಿಕೊಳ್ಳಲು, ಮೂತ್ರ ಪರೀಕ್ಷೆ ಮಾಡಿಕೊಳ್ಳಲು, ಊಟ ಅಳೆಯಲು ಕಲಿಸುವುದೇ ಚಿಕಿತ್ಸೆಯ ಭಾಗವಾಯಿತು. ಮೂತ್ರ ಪರೀಕ್ಷೆ ಎಂದರೆ ಬೆನೆಡಿಕ್ಟ್ ದ್ರಾವಣದ ಪರೀಕ್ಷೆ. ನೀಲಿ ದ್ರಾವಣಕ್ಕೆ ಕೆಲವು ಹನಿ ಮೂತ್ರ ಹಾಕಿ ಕಾಯಿಸಿದರೆ ಸಕ್ಕರೆ ಇಲ್ಲದಿದ್ದಾಗ ನೀಲಿಯೇ ಉಳಿಯುತ್ತದೆ, ಹೆಚ್ಚಿದಂತೆ ಹಸಿರು, ಹಳದಿ, ಕಿತ್ತಳೆಯಾಗಿ ಕೊನೆಗೆ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ. ಓದು ಬರದವರೂ ಬಣ್ಣ ನೋಡಿ ತಿಳಿಯಬಹುದಾದ ಪರೀಕ್ಷೆ ಅದು.

ರಕ್ತದ ಸಕ್ಕರೆಯನ್ನು ಮನೆಯಲ್ಲಿ ಅಳೆಯುವ ಯಂತ್ರದ ಕಥೆಯಲ್ಲೂ ಒಬ್ಬ ರೋಗಿ ಇದ್ದಾನೆ. ಅಮೆರಿಕದ ಎಂಜಿನಿಯರ್ ರಿಚರ್ಡ್ ಬರ್ನ್‌ಸ್ಟೀನ್‌ಗೆ 12ನೇ ವಯಸ್ಸಿನಿಂದ ಸಕ್ಕರೆ ಕಾಯಿಲೆ. 1969ರ ಹೊತ್ತಿಗೆ ಆಸ್ಪತ್ರೆಗಳಿಗೆಂದು ಬಂದ ರಕ್ತ ಪರೀಕ್ಷೆಯ ಯಂತ್ರವನ್ನು ರೋಗಿಗಳಿಗೆ ಮಾರುತ್ತಿರಲಿಲ್ಲ. ಅವನ ಹೆಂಡತಿ ವೈದ್ಯೆಯಾಗಿದ್ದರಿಂದ ಆಕೆಯ ಹೆಸರಲ್ಲಿ ತರಿಸಿಕೊಂಡ. ದಿನಕ್ಕೆ ಹಲವು ಸಲ ಅಳೆದು, ಬರೆದಿಟ್ಟು, ಊಟ ಮತ್ತು ಇನ್ಸುಲಿನ್ನನ್ನು ತಾನೇ ಹೊಂದಿಸಿಕೊಂಡ. ವೈದ್ಯರು ಅವನ ಲೆಕ್ಕವನ್ನು ಕಿವಿಗೆ ಹಾಕಿಕೊಳ್ಳದಿದ್ದಾಗ ನಡುವಯಸ್ಸಿನಲ್ಲಿ ತಾನೇ ವೈದ್ಯಕೀಯ ಓದಿ ಡಾಕ್ಟರಾದ. ಇವತ್ತು ನಮ್ಮ ಹಳ್ಳಿಗಳ ಆಶಾ ಕಾರ್ಯಕರ್ತೆಯರೂ ಬಲ್ಲ ಗ್ಲುಕೋಮೀಟರು, ಒಂದು ಕಾಲಕ್ಕೆ ರೋಗಿಯ ಕೈಗೆ ಕೊಡಬಾರದ ವಸ್ತುವಾಗಿತ್ತು.

ಮದ್ರಾಸಿನ ಮನೆಗಳು, ತುಮಕೂರಿನ ಹಳ್ಳಿಗಳು

ನಮ್ಮ ದೇಶದ ಬಡವರ ಮಟ್ಟಿಗೆ ನಿಜವಾದ ಪರೀಕ್ಷೆ ನಡೆದದ್ದು ಕ್ಷಯದಲ್ಲಿ. 1950ರ ದಶಕದವರೆಗೂ ಕ್ಷಯ ಎಂದರೆ ಸ್ಯಾನಿಟೋರಿಯಂ. ಒಳ್ಳೆ ಗಾಳಿ, ಹಾಲು ಮೊಟ್ಟೆ, ತಿಂಗಳುಗಟ್ಟಲೆ ವಿಶ್ರಾಂತಿ. ದೇಶದಲ್ಲಿ ಇದ್ದ ರೋಗಿಗಳು ಲಕ್ಷಗಟ್ಟಲೆ, ಹಾಸಿಗೆಗಳು ಕೆಲವೇ ಸಾವಿರ. ಇಕ್ಕಟ್ಟಾದ ಮನೆಯಲ್ಲಿ, ಅರೆಹೊಟ್ಟೆ ಉಣ್ಣುವ ಕೂಲಿಯವನು ಗುಳಿಗೆಯನ್ನು ತಾನೇ ನುಂಗಿ ಗುಣವಾದಾನೇ ಎಂಬ ಅನುಮಾನ ದೊಡ್ಡ ದೊಡ್ಡ ಡಾಕ್ಟರುಗಳಿಗಿತ್ತು.

ಅದನ್ನು ತೀರ್ಮಾನಿಸಲು 1956ರಲ್ಲಿ ಮದ್ರಾಸಿನಲ್ಲಿ ಒಂದು ಅಧ್ಯಯನ ಶುರುವಾಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಮದ್ರಾಸ್ ಸರ್ಕಾರ, ವಿಶ್ವ ಆರೋಗ್ಯ ಸಂಸ್ಥೆ, ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ಸೇರಿ ನಡೆಸಿದ ಅಧ್ಯಯನ. ಮುಂದಾಳು ಡಾ. ವ್ಯಾಲೇಸ್ ಫಾಕ್ಸ್. ನಗರದ ಬಡ ಬಡಾವಣೆಗಳ 193 ರೋಗಿಗಳಲ್ಲಿ ಅರ್ಧದಷ್ಟು ಮಂದಿಯನ್ನು ಸ್ಯಾನಿಟೋರಿಯಮ್ಮಿಗೆ ಕಳಿಸಿದರು, ಉಳಿದವರಿಗೆ ಮನೆಯಲ್ಲೇ ಗುಳಿಗೆ ಕೊಟ್ಟರು. ಹೇಳದೆ ಕೇಳದೆ ಮನೆಗೆ ಹೋಗಿ ಗುಳಿಗೆ ಎಣಿಸಿದರು, ಔಷಧ ನುಂಗಿದ್ದಾರೋ ಇಲ್ಲವೋ ಎಂದು ಮೂತ್ರ ಪರೀಕ್ಷಿಸಿದರು. 1959ರಲ್ಲಿ ಫಲಿತಾಂಶ ಪ್ರಕಟವಾಯಿತು. ಒಳ್ಳೆಯ ಊಟ, ಹಾಸಿಗೆ, ವಿಶ್ರಾಂತಿ ಸಿಕ್ಕವರಿಗೂ ಮನೆಯಲ್ಲೇ ಇದ್ದವರಿಗೂ ಗುಣವಾಗುವುದರಲ್ಲಿ ಹೇಳಿಕೊಳ್ಳುವಂಥ ಅಂತರವಿರಲಿಲ್ಲ. ಮನೆಯವರಿಗೆ ಹೆಚ್ಚು ರೋಗ ಅಂಟಲೂ ಇಲ್ಲ. ಜಗತ್ತಿನ ಕ್ಷಯ ಚಿಕಿತ್ಸೆ ಮನೆಯ ಕಡೆ ತಿರುಗಿದ್ದು ಈ ಅಧ್ಯಯನದಿಂದ.

ಅದೇ 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾಯಿತು. ಪ್ರಧಾನಿ ನೆಹರೂ ಉದ್ಘಾಟಿಸಿದರು. ಅಲ್ಲಿ ಡಾಕ್ಟರ ಜೊತೆಗೆ ಸಮಾಜ ವಿಜ್ಞಾನ ಬಲ್ಲವರೂ ಇದ್ದರು. ಅವರಲ್ಲಿ ಡಾ. ಡಿ. ಬ್ಯಾನರ್ಜಿ ಮತ್ತು ಡೆನ್ಮಾರ್ಕಿನ ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳಿಗೆ ಹೋಗಿ ಒಂದು ಸರಳ ಪ್ರಶ್ನೆ ಕೇಳಿದರು. ಎಕ್ಸ್‌ರೇ ಸಮೀಕ್ಷೆಯಲ್ಲಿ ಕ್ಷಯ ಇದೆ ಎಂದು ಕಂಡುಬಂದವರಿಗೆ ತಮಗೆ ಏನೋ ಆಗಿದೆ ಎಂಬುದು ಮೊದಲೇ ಗೊತ್ತಿತ್ತೇ? ಗೊತ್ತಿದ್ದರೆ ಏನು ಮಾಡಿದ್ದರು?

1963ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಬಂದ ಅವರ ವರದಿ ಇವತ್ತು ಓದಿದರೂ ಮುಖಕ್ಕೆ ಹೊಡೆದಂತಿದೆ. ಬಹುತೇಕ ಎಲ್ಲ ರೋಗಿಗಳಿಗೂ ಕೆಮ್ಮು, ಜ್ವರ, ಎದೆನೋವಿನ ಅರಿವಿತ್ತು. ಹೆಚ್ಚಿನವರು ಅದರ ಬಗ್ಗೆ ಚಿಂತೆ ಮಾಡುತ್ತಿದ್ದರು. ಅರ್ಧದಷ್ಟು ಮಂದಿ ತಾವಾಗಿಯೇ ಆಧುನಿಕ ಚಿಕಿತ್ಸೆ ಹುಡುಕಿಕೊಂಡು ದವಾಖಾನೆಗೆ ಹೋಗಿ ಬಂದಿದ್ದರು. ಅಲ್ಲಿ ಅವರಲ್ಲಿ ಹಲವರಿಗೆ ಸಿಕ್ಕಿದ್ದು ಕೆಮ್ಮಿನ ಔಷಧದ ಬಾಟಲಿ. ಕ್ಷಯ ಇದೆಯೇ ಎಂದು ಯಾರೂ ಕಫ ನೋಡಿರಲಿಲ್ಲ. ಹಳ್ಳಿ ಜನರಿಗೆ ಅರಿವು ಮೂಡಿಸಬೇಕು ಎಂದು ಭಾಷಣ ಮಾಡುತ್ತಿದ್ದ ಕಾಲದಲ್ಲಿ, ಮೊದಲು ಅರಿವು ಬೇಕಾದದ್ದು ದವಾಖಾನೆಗೆ ಎಂದು ಈ ಅಧ್ಯಯನ ತೋರಿಸಿತು. 1962ರಿಂದ ಜಾರಿಗೆ ಬಂದ ಜಿಲ್ಲಾ ಕ್ಷಯ ಕಾರ್ಯಕ್ರಮ ಇದೇ ತಿಳಿವಳಿಕೆಯ ಮೇಲೆ ನಿಂತಿತು: ರೋಗಿ ಎಲ್ಲಿಗೆ ಬರುತ್ತಾನೋ ಆ ಸಾಮಾನ್ಯ ದವಾಖಾನೆಯಲ್ಲೇ ಕಫ ಪರೀಕ್ಷೆ, ಅಲ್ಲೇ ಔಷಧ. ಈ ಸಂಸ್ಥೆಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಗಾರರಾಗಿ ಕೆಲಸ ಮಾಡಿದ ಹಾಫ್ಡನ್ ಮಾಹ್ಲರ್ 1973ರಲ್ಲಿ ಆ ಸಂಸ್ಥೆಗೇ ಮುಖ್ಯಸ್ಥರಾದರು. ಅವರ ಅವಧಿಯಲ್ಲಿ, 1978ರಲ್ಲಿ, ಆಲ್ಮಾ ಆಟಾ ಘೋಷಣೆ ಬಂತು. ತಮ್ಮ ಆರೋಗ್ಯದ ಆರೈಕೆಯನ್ನು ಯೋಜಿಸುವುದರಲ್ಲಿ ಪಾಲ್ಗೊಳ್ಳುವುದು ಜನರ ಹಕ್ಕು ಎಂದು ಸಾರಿದ ಘೋಷಣೆ ಅದು.

ಕೆಂಪು ಶಾಯಿಯ ಹೆಸರುಗಳು

ಇಷ್ಟೆಲ್ಲ ಆದ ಮೇಲೂ ಬೈಗುಳ ಹೋಗಲಿಲ್ಲ, ಅದಕ್ಕೆ ಒಂದು ಇಂಗ್ಲಿಷ್ ಹೆಸರು ಬಂತು: ಡೀಫಾಲ್ಟರ್. ಸಾಲ ಕಟ್ಟದವನಿಗೆ ಬ್ಯಾಂಕು ಕರೆಯುವ ಹೆಸರೇ ಗುಳಿಗೆ ಬಿಟ್ಟವನಿಗೂ ಬಂತು. ವರ್ಷ, ಒಂದೂವರೆ ವರ್ಷ ನುಂಗಬೇಕಾದ ಗುಳಿಗೆ, ದವಾಖಾನೆಯಲ್ಲಿ ನಡುವೆ ದಾಸ್ತಾನು ಖಾಲಿಯಾದರೂ ಬಿಟ್ಟವನು ರೋಗಿಯೇ ಎಂದು ಲೆಕ್ಕ.

1997ರಲ್ಲಿ ಶುರುವಾಗಿ 2006ರ ಹೊತ್ತಿಗೆ ದೇಶವನ್ನೆಲ್ಲ ಮುಟ್ಟಿದ ಡಾಟ್ಸ್ ಪದ್ಧತಿ ಎರಡು ಕೆಲಸ ಮಾಡಿತು. ಒಂದು, ಪ್ರತಿ ರೋಗಿಯ ಹೆಸರಿಗೆ ಪೂರ್ತಿ ಚಿಕಿತ್ಸೆಯ ಔಷಧದ ಪೆಟ್ಟಿಗೆಯನ್ನು ಮೊದಲೇ ತೆಗೆದಿಟ್ಟಿತು. ದಾಸ್ತಾನು ಮುಗಿಯಿತು ಎಂಬ ಮಾತಿಗೆ ಅಲ್ಲಿ ಜಾಗವಿರಲಿಲ್ಲ. ಇದು ದೊಡ್ಡ ಉಪಕಾರ. ಇನ್ನೊಂದು, ವಾರಕ್ಕೆ ಮೂರು ದಿನ ಇನ್ನೊಬ್ಬರ ಕಣ್ಣೆದುರೇ ಗುಳಿಗೆ ನುಂಗಬೇಕು ಎಂಬ ನಿಯಮ ತಂದಿತು. ದಿನಗೂಲಿಯವನಿಗೆ, ಗುಳೆ ಹೋಗುವವನಿಗೆ ಇದು ಕಷ್ಟದ ನಿಯಮ. 2017ರಿಂದ ದಿನಾ ನುಂಗುವ ಗುಳಿಗೆ ಬಂತು. ಬೆಂಗಳೂರಿನ ಮೈಕ್ರೋಸಾಫ್ಟ್ ಸಂಶೋಧನಾ ಕೇಂದ್ರದಲ್ಲಿ ರೂಪುಗೊಂಡ 99ಡಾಟ್ಸ್ ಎಂಬ ಉಪಾಯದಲ್ಲಿ, ಗುಳಿಗೆ ಒತ್ತಿ ತೆಗೆದಾಗ ಹಿಂದೆ ಅಡಗಿದ್ದ ಒಂದು ಫೋನ್ ನಂಬರ್ ಕಾಣುತ್ತದೆ. ಅದಕ್ಕೆ ಖರ್ಚಿಲ್ಲದೆ ಫೋನ್ ಹಚ್ಚಿದರೆ ನುಂಗಿದ ಲೆಕ್ಕ. ರೋಗಿ ತನ್ನ ಮನೆಯಲ್ಲೇ, ತನ್ನ ಹೊತ್ತಿಗೆ ನುಂಗಬಹುದು. 2018ರ ಏಪ್ರಿಲ್‌ನಿಂದ ಪೌಷ್ಟಿಕ ಆಹಾರಕ್ಕೆಂದು ತಿಂಗಳಿಗೆ 500 ರೂಪಾಯಿ ರೋಗಿಯ ಖಾತೆಗೆ ಬರತೊಡಗಿತು. 2024ರ ನವೆಂಬರ್‌ನಿಂದ ಅದು 1000 ರೂಪಾಯಿ ಆಯಿತು.

ಬಿಳಿ ಕಾರ್ಡು, ಹಸಿರು ಪುಸ್ತಕ

ಕಾಗದ ರೋಗಿಯ ಬಳಿ ಇರಬೇಕೋ ದವಾಖಾನೆಯ ಬಳಿ ಇರಬೇಕೋ ಎಂಬ ಜಗಳಕ್ಕೆ ಚೆಂದದ ಉತ್ತರ ಕೊಟ್ಟದ್ದು ಮಕ್ಕಳ ಡಾಕ್ಟರ್ ಡೇವಿಡ್ ಮಾರ್ಲೆ. ನೈಜೀರಿಯಾದ ಹಳ್ಳಿಗಳಲ್ಲಿ ಕೆಲಸ ಮಾಡುತ್ತಿದ್ದ ಅವರು ಮಗುವಿನ ತೂಕದ ಕಾರ್ಡನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ತಾಯಿಯ ಕೈಗೇ ಕೊಟ್ಟರು. ಓದು ಬರದ ತಾಯಂದಿರು ಕಳೆದುಬಿಡುತ್ತಾರೆ ಎಂಬ ಭಯ ಸುಳ್ಳಾಯಿತು. ನಮ್ಮ ರಾಜ್ಯದ ತಾಯಿ ಕಾರ್ಡ್ ಅದೇ ವಂಶದ್ದು. ಅದನ್ನು ನಮ್ಮ ಹೆಣ್ಣುಮಕ್ಕಳು ರೇಷನ್ ಕಾರ್ಡಿನ ಜೊತೆ ಎಷ್ಟು ಜೋಪಾನ ಮಾಡುತ್ತಾರೆ ಎಂಬುದನ್ನು ಬೇರೆ ಹೇಳಬೇಕಿಲ್ಲ.

ಈ ವಿಷಯದಲ್ಲಿ ಎಲ್ಲರಿಗಿಂತ ಮುಂದೆ ಹೋದದ್ದು ಎಚ್‌ಐವಿ ಚಿಕಿತ್ಸೆ. 2004ರ ಏಪ್ರಿಲ್ 1ರಂದು ದೇಶದ ಎಂಟು ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ ಎಆರ್‌ಟಿ ಔಷಧ ಶುರುವಾಯಿತು. ನಮ್ಮ ರಾಜ್ಯದಲ್ಲಿ ಮೊದಲು ಬೆಂಗಳೂರಿನ ಬೌರಿಂಗ್ ಆಸ್ಪತ್ರೆಯಲ್ಲಿ, ಆಮೇಲೆ ಜಿಲ್ಲೆಗಳಲ್ಲಿ. ಅಲ್ಲಿ ದಾಖಲೆ ಎರಡು: ಬಿಳಿ ಕಾರ್ಡು ಕೇಂದ್ರದಲ್ಲಿ ಉಳಿಯುತ್ತದೆ, ಹಸಿರು ಪುಸ್ತಕ ರೋಗಿಯ ಕೈಯಲ್ಲಿ ಇರುತ್ತದೆ. ಊರು ಬಿಟ್ಟು ಹೋಗುವವರು ಮುಂಚೆ ಹೇಳಿದರೆ ಹೋಗುವ ಊರಿನ ಕೇಂದ್ರಕ್ಕೆ ಹೆಸರು ವರ್ಗ ಮಾಡಿಕೊಡುತ್ತಾರೆ. 2020ರ ಲಾಕ್‌ಡೌನ್ ಬಂದಾಗ ಹಲವು ತಿಂಗಳ ಗುಳಿಗೆಯನ್ನು ಒಟ್ಟಿಗೇ ಕೊಡಲು ಆದೇಶವಾಯಿತು. ಸೋಂಕಿತರೇ ಕಟ್ಟಿಕೊಂಡ ಸಂಘಗಳು ಒಬ್ಬರಿಗೊಬ್ಬರು ದಾರಿ ತೋರಿಸಿದವು. ಯಾರೂ ಮಾತಾಡಲು ಹೆದರುವ ಕಾಯಿಲೆಯೊಂದಕ್ಕೆ ಗುಳೆ ಹೋಗುವವನ ದಾರಿಯನ್ನೂ ಲೆಕ್ಕಕ್ಕೆ ಹಿಡಿದ ವ್ಯವಸ್ಥೆ ಸಿಕ್ಕಿತು.

ಕುಷ್ಠದಿಂದ ಬಂದ ಪಾಠ ಕಾಲಿನದು. 1980ರ ದಶಕದಿಂದ ಬಹು ಔಷಧ ಚಿಕಿತ್ಸೆಯ ತಿಂಗಳ ಪಟ್ಟಿ ಬಂದು ರೋಗ ಗುಣವಾಗತೊಡಗಿತು. ಆದರೆ ಸ್ಪರ್ಶ ಹೋದ ಪಾದ ಹಾಗೇ ಉಳಿಯುತ್ತದೆ, ಮುಳ್ಳು ಚುಚ್ಚಿದರೂ ಗೊತ್ತಾಗುವುದಿಲ್ಲ. ವೆಲ್ಲೂರಿನಲ್ಲಿ ಕೆಲಸ ಮಾಡಿದ ಡಾ. ಪಾಲ್ ಬ್ರ್ಯಾಂಡ್ ಇಂಥ ಪಾದದಲ್ಲಿ ಹುಣ್ಣಾಗುವುದು ರೋಗಾಣುವಿನಿಂದಲ್ಲ, ನೋವು ಗೊತ್ತಾಗದೆ ಆಗುವ ಗಾಯದಿಂದ ಎಂದು ತೋರಿಸಿದರು. ದಿನಾ ಪಾದ ನೋಡಿಕೊಳ್ಳುವುದು, ನೀರಲ್ಲಿ ನೆನೆಸಿ ಎಣ್ಣೆ ಹಚ್ಚುವುದು, ಮೆತ್ತನೆ ರಬ್ಬರಿನ ಎಂಸಿಆರ್ ಚಪ್ಪಲಿ ಹಾಕುವುದು ಅಲ್ಲಿಂದ ರೂಢಿಯಾದವು. ಸಕ್ಕರೆ ಕಾಯಿಲೆಯಲ್ಲೂ ಪಾದದ ಸ್ಪರ್ಶ ಹೋಗುತ್ತದೆ. ಹಾಗಾಗಿ ದಿನಾ ಪಾದ ನೋಡಿಕೊಳ್ಳುವ, ಮೆತ್ತನೆ ಚಪ್ಪಲಿ ಹಾಕುವ ಪಾಠ ಅಲ್ಲಿಗೂ ಸಲ್ಲುತ್ತದೆ. ಎರೆ ಹೊಲದಲ್ಲಿ ಬರಿಗಾಲಲ್ಲಿ ದುಡಿಯುವ ನಮ್ಮವರಿಗೆ ಇದು ಬಹಳ ಬೇಕಾದ ಪಾಠ.

ಹಟ್ಟಿಯ ಧೂಳು

ಗುರುಗುಂಟಾಕ್ಕೆ ಸಮೀಪದ ಹಟ್ಟಿಯಲ್ಲಿ ಚಿನ್ನ ತೆಗೆಯುವುದು ಬಹಳ ಹಿಂದಿನ ಕಸುಬು. ಈಗಿನ ಕಂಪನಿ 1947ರಲ್ಲಿ ನಿಜಾಮರ ಕಾಲದ ಕೊನೆಯಲ್ಲಿ ಹೈದರಾಬಾದ್ ಚಿನ್ನದ ಗಣಿ ಕಂಪನಿ ಎಂಬ ಹೆಸರಲ್ಲಿ ಶುರುವಾದದ್ದು. ಈಗ ರಾಜ್ಯ ಸರ್ಕಾರದ ಕಂಪನಿ. ನಮ್ಮ ಸುತ್ತಲಿನ ಎಷ್ಟೋ ಮನೆಗಳ ಅನ್ನ ಅಲ್ಲಿಂದ ಬಂದಿದೆ.

ಚಿನ್ನದ ಕಲ್ಲಿನಲ್ಲಿ ಸಿಲಿಕಾ ಇರುತ್ತದೆ. ಕಲ್ಲು ಕೊರೆಯುವಾಗ ಏಳುವ ನವುರಾದ ಧೂಳು ವರ್ಷಗಟ್ಟಲೆ ಶ್ವಾಸಕೋಶಕ್ಕೆ ಹೋದರೆ ಅದು ಗಡುಸಾಗುತ್ತದೆ. ಇದೇ ಸಿಲಿಕೋಸಿಸ್. ಗುಣವಾಗುವುದಿಲ್ಲ, ಕ್ಷಯ ಬರುವ ಸಾಧ್ಯತೆಯನ್ನೂ ಹೆಚ್ಚಿಸುತ್ತದೆ. ನಮ್ಮ ದೇಶದಲ್ಲಿ ಇದು ಮೊದಲು ದೊಡ್ಡ ಪ್ರಮಾಣದಲ್ಲಿ ಬೆಳಕಿಗೆ ಬಂದದ್ದು ಕೋಲಾರ ಚಿನ್ನದ ಗಣಿಯಲ್ಲಿ. 1940ರ ದಶಕದಲ್ಲಿ ಅಲ್ಲಿನ ಕಾರ್ಮಿಕರ ಎದೆಯ ಎಕ್ಸ್‌ರೇ ತೆಗೆದಾಗ ಸಾವಿರಾರು ಮಂದಿಯಲ್ಲಿ ಕಂಡುಬಂತು. 1952ರ ಗಣಿ ಕಾಯ್ದೆ ಇದನ್ನು ಸರ್ಕಾರಕ್ಕೆ ತಿಳಿಸಲೇಬೇಕಾದ ರೋಗಗಳ ಪಟ್ಟಿಗೆ ಸೇರಿಸಿತು. ಗಣಿ ಕಾರ್ಮಿಕರಿಗೆ ಸೇರುವಾಗ ಒಮ್ಮೆ, ಆಮೇಲೆ ಐದು ವರ್ಷಕ್ಕೊಮ್ಮೆ ತಪಾಸಣೆ ಎಂಬ ನಿಯಮವೂ ಬಂತು. 1923ರ ಕಾರ್ಮಿಕ ಪರಿಹಾರ ಕಾಯ್ದೆಯ ಪಟ್ಟಿಯಲ್ಲಿ ಸಿಲಿಕೋಸಿಸ್ ಸೇರಿತು.

ಆದರೆ ಈ ರೋಗ ಕಾಣಿಸಿಕೊಳ್ಳುವುದು ಹತ್ತು, ಇಪ್ಪತ್ತು ವರ್ಷದ ಮೇಲೆ. ಅಷ್ಟರಲ್ಲಿ ಕೆಲಸ ಬಿಟ್ಟಿರಬಹುದು, ನಿವೃತ್ತಿ ಆಗಿರಬಹುದು, ಗುತ್ತಿಗೆದಾರ ಬದಲಾಗಿರಬಹುದು. ಕೋಲಾರದ ಗಣಿಯಂತೂ 2001ರ ಫೆಬ್ರುವರಿ 28ರಂದು ಮುಚ್ಚಿಯೇ ಹೋಯಿತು. ಆಗ ಪರಿಹಾರ ಕೇಳಲು ಹೊರಟವನ ಬಳಿ ಇರಬೇಕಾದದ್ದು: ಎಲ್ಲಿ, ಎಷ್ಟು ವರ್ಷ, ಯಾವ ಕೆಲಸ ಮಾಡಿದ ಎಂಬ ಕಾಗದ ಮತ್ತು ಹಳೆಯ ಎಕ್ಸ್‌ರೇ. ಕಲ್ಲು ಕ್ವಾರಿ, ಕ್ರಷರ್, ಗುತ್ತಿಗೆ ಕೆಲಸ ಯಾವುದೇ ಇರಲಿ, ಧೂಳಿನಲ್ಲಿ ದುಡಿದವರು ಎಕ್ಸ್‌ರೇಯನ್ನು ನೀರು ಕಾಯಿಸುವ ಒಲೆಗೆ ಹಾಕಬಾರದು. ಕ್ಷಯದ ಕಾರ್ಡು ಮಾಡಿಸುವಾಗಲೂ ‘ಗಣಿಯಲ್ಲಿ ಇಷ್ಟು ವರ್ಷ ದುಡಿದೀನಿ’ ಎಂದು ಹೇಳಿ ಬರೆಸಿಕೊಳ್ಳಬೇಕು.

ಶುಗರ್, ಬಿಪಿ ಮತ್ತು ಗುಳೆ

ಈಗ ನಮ್ಮ ಕಾಲಕ್ಕೆ ಬರೋಣ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ದೇಶವ್ಯಾಪಿ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ, 31.5 ಕೋಟಿ ಜನರಿಗೆ ರಕ್ತದೊತ್ತಡ. ಇವಕ್ಕೆಂದೇ ಕೇಂದ್ರ ಸರ್ಕಾರದ ಕಾರ್ಯಕ್ರಮ 2010ರಲ್ಲಿ 100 ಜಿಲ್ಲೆಗಳಲ್ಲಿ ಶುರುವಾಗಿ ಆಮೇಲೆ ಎಲ್ಲ ಕಡೆ ಬಂತು. ಈಗ 30 ವರ್ಷ ದಾಟಿದವರಿಗೆ ಹಳ್ಳಿಯಲ್ಲೇ ತಪಾಸಣೆ ಇದೆ. ಸರ್ಕಾರಿ ದವಾಖಾನಿಯಲ್ಲಿ ಗುಳಿಗೆ ಉಚಿತ. 2021ರ ಸೆಪ್ಟೆಂಬರ್‌ನಲ್ಲಿ ದೇಶವ್ಯಾಪಿ ಡಿಜಿಟಲ್ ಆರೋಗ್ಯ ಯೋಜನೆ ಶುರುವಾಗಿ ಆಭಾ ನಂಬರು ಬಂದಿದೆ.

ಕ್ಷಯ ಆರು ತಿಂಗಳಿಗೆ ಮುಗಿಯುತ್ತದೆ. ಇವು ಮುಗಿಯುವುದಿಲ್ಲ. ಮತ್ತು ನೋವು ಕೊಡುವುದಿಲ್ಲ. ತುಮಕೂರಿನ ಕ್ಷಯ ರೋಗಿಯನ್ನು ಕೆಮ್ಮು ದವಾಖಾನೆಗೆ ಎಬ್ಬಿಸಿ ಕಳಿಸುತ್ತಿತ್ತು. ಬಿಪಿ ಹೆಚ್ಚಿದ್ದರೂ ಬಹಳ ಮಂದಿಗೆ ಏನೂ ಅನಿಸುವುದಿಲ್ಲ. ‘ಆರಾಮ ಅದೀನಿ, ಗುಳಿಗಿ ಯಾಕ?’ ಎಂದು ಬಿಡುವವರೇ ಹೆಚ್ಚು. ಬಿಟ್ಟ ಕೆಲವು ತಿಂಗಳಿಗೆ ಲಕ್ವ ಹೊಡೆದರೆ ಮನೆಯ ದುಡಿಮೆಯೇ ನಿಲ್ಲುತ್ತದೆ.

ನೀರಾವರಿ ಇಲ್ಲದ ನಮ್ಮ ಹಳ್ಳಿಗಳಲ್ಲಿ ಸುಗ್ಗಿ ಮುಗಿದ ಮೇಲೆ ಗುಳೆ ಶುರು. ಕಟ್ಟಡ ಕೆಲಸಕ್ಕೆ ಬೆಂಗಳೂರು, ಪುಣೆ, ಮುಂಬೈ, ಗೋವಾ. ಒಂದು ತಿಂಗಳ ಗುಳಿಗೆ ಒಯ್ದವರಿಗೆ ಎರಡನೇ ತಿಂಗಳು ಏನು? ಆಯುಷ್ಮಾನ್ ಕಾರ್ಡು ಆಸ್ಪತ್ರೆಗೆ ಸೇರಿದಾಗಿನ ಖರ್ಚಿಗೆ, ತಿಂಗಳ ಗುಳಿಗೆಗೆ ಅಲ್ಲ. ಅಂದರೆ ಲಕ್ವ ಹೊಡೆದ ಮೇಲೆ ಕೆಲಸಕ್ಕೆ ಬರುತ್ತದೆ, ಹೊಡೆಯದಂತೆ ತಡೆಯಲು ಬರುವುದಿಲ್ಲ. ಎಚ್‌ಐವಿಗೆ ಇರುವಂತೆ ಹೆಸರು ವರ್ಗ ಮಾಡಿಕೊಡುವ ರೂಢಿ ಬಿಪಿ, ಶುಗರ್‌ಗೆ ನಮ್ಮ ಕಡೆ ಬಂದಿಲ್ಲ. ಗುಳೆ ಹೋಗುವವರಿಗೆ ಮೂರು ತಿಂಗಳ ಗುಳಿಗೆ ಕೊಡಿ, ಹಸಿರು ಪುಸ್ತಕದಂಥ ಒಂದು ಪುಸ್ತಕ ಕೊಡಿ ಎಂದು ಗ್ರಾಮಸಭೆಯಲ್ಲಿ ಕೇಳುವುದು ಅತಿ ಆಸೆಯಲ್ಲ. ಬೇರೊಂದು ಕಾಯಿಲೆಗೆ ಸರ್ಕಾರವೇ ಕೊಟ್ಟು ತೋರಿಸಿದ್ದನ್ನೇ ಕೇಳಿದಂತೆ.

ಅಲ್ಲಿಯವರೆಗೆ ಚೀಲದಲ್ಲಿ ಏನಿರಬೇಕು

ಎರಡು ನೂರು ಪುಟದ ಒಂದು ನೋಟ್‌ಬುಕ್ಕು ಸಾಕು. ಮನೆಯ ಶಾಲೆ ಮಕ್ಕಳ ಕೈಯಲ್ಲಿ ಬರೆಸಬಹುದು. ಮೊದಲ ಪುಟದಲ್ಲಿ ಹೆಸರು, ವಯಸ್ಸು, ಕಾಯಿಲೆಯ ಹೆಸರು, ಯಾವ ವರ್ಷದಿಂದ ಇದೆ, ಯಾವ ಔಷಧ ಮೈಗೆ ಆಗುವುದಿಲ್ಲ, ಮನೆಯವರ ಫೋನ್ ನಂಬರ್. ಹೆಸರು ಆಧಾರ್ ಕಾರ್ಡಿನಲ್ಲಿ ಇರುವಂತೆಯೇ ಇರಲಿ. ಬಸ್ಸಪ್ಪ, ಬಸಪ್ಪ, ಬಸವರಾಜ ಎಂದು ಒಂದೊಂದು ಚೀಟಿಯಲ್ಲಿ ಒಂದೊಂದಿದ್ದರೆ ಯೋಜನೆಗಳ ಹಣ ಬರುವಾಗ ತಕರಾರು.

ಎರಡನೇ ಪುಟದಲ್ಲಿ ಗುಳಿಗೆಯ ಮೂಲ ಹೆಸರು ಮತ್ತು ಎಷ್ಟು ಎಂಜಿ. ಕಂಪನಿಯ ಹೆಸರು ಊರಿಂದೂರಿಗೆ ಬದಲಾಗುತ್ತದೆ, ಆಮ್ಲೋಡಿಪಿನ್, ಟೆಲ್ಮಿಸಾರ್ಟಾನ್, ಮೆಟ್‌ಫಾರ್ಮಿನ್ ಎಂಬ ಮೂಲ ಹೆಸರು ಬದಲಾಗುವುದಿಲ್ಲ. ‘ಸಣ್ಣ ಬಿಳಿ ಗುಳಿಗಿ’ ಎಂದರೆ ಪುಣೆಯ ಡಾಕ್ಟರಿಗೆ ಏನೂ ತಿಳಿಯುವುದಿಲ್ಲ. 2008ರಿಂದ ಇರುವ ಜನೌಷಧಿ ಅಂಗಡಿಗಳಲ್ಲಿ ಔಷಧ ಮಾರುವುದೂ ಮೂಲ ಹೆಸರಿನಲ್ಲೇ, ಬೆಲೆಯೂ ಕಡಿಮೆ. ಯಾವ ಹೊತ್ತಿನ ಗುಳಿಗೆ ಎಂಬುದಕ್ಕೆ ಓದು ಬರದವರು ಸೂರ್ಯ, ಚಂದ್ರನ ಚಿತ್ರ ಬರೆಸಿಕೊಳ್ಳಬಹುದು.

ಆಮೇಲಿನ ಪುಟಗಳಲ್ಲಿ ತಾರೀಖು, ಬಿಪಿ, ಶುಗರ್. ಶುಗರ್ ಖಾಲಿ ಹೊಟ್ಟೆಯದೋ ಊಟದ ಮೇಲಿನದೋ ಎಂಬುದನ್ನೂ ಬರೆಯಬೇಕು. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಮಾಡಿಸಿದ್ದರೆ ಅದನ್ನೂ. ವರ್ಷಕ್ಕೊಮ್ಮೆ ಕಣ್ಣು, ಕಿಡ್ನಿ, ಪಾದ ತೋರಿಸಿದ ದಿನ. ಕೊನೆಯ ಪುಟ ಡಾಕ್ಟರಿಗೆ ಕೇಳಬೇಕಾದ ಪ್ರಶ್ನೆಗಳಿಗೆ. ಡಾಕ್ಟರ ಮುಂದೆ ನಿಂತಾಗ ಮರೆಯುವುದೇ ಹೆಚ್ಚು.

ಇನ್ಸುಲಿನ್ ತಗೊಳ್ಳುವವರಿಗೆ ರಾಯಚೂರು ಜಿಲ್ಲೆಯ ಬೇಸಿಗೆ ದೊಡ್ಡ ತೊಂದರೆ. ಫ್ರಿಜ್ ಇಲ್ಲದ ಮನೆಯವರು ಬಾಟಲಿಯನ್ನು ನೀರು ತಾಗದಂತೆ ಡಬ್ಬಿಯಲ್ಲಿ ಮುಚ್ಚಿ, ಒದ್ದೆ ಮರಳಿನ ಮಣ್ಣಿನ ಗಡಿಗೆಯಲ್ಲಿ ನೆರಳಿಗೆ ಇಡುತ್ತಾರೆ. ಹಳೆಯ ಉಪಾಯ, ತಂಪಿಗೆ ಸಹಾಯವಾಗುತ್ತದೆ. ಬಣ್ಣ ಕೆಟ್ಟರೆ, ಒಳಗೆ ಗಂಟು ಕಂಡರೆ ಬಳಸಬಾರದು.

ಗುಳೆ ಹೋಗುವ ವಾರದ ಮುಂಚೆ ದವಾಖಾನಿಗೆ ಹೋಗಿ, ಎಷ್ಟು ತಿಂಗಳು ಹೊರಗಿರುತ್ತೀರಿ ಎಂದು ಹೇಳಿ ಗುಳಿಗೆ ಕೇಳಿ. ಪುಸ್ತಕದ ಎಲ್ಲ ಪುಟದ ಫೋಟೊ ಮಗನದೋ ಸೊಸೆಯದೋ ಮೊಬೈಲಿನಲ್ಲಿ ಇರಲಿ. ಬೆಂಗಳೂರಿನಲ್ಲಿ ನಮ್ಮ ಕ್ಲಿನಿಕ್‌ಗಳಿವೆ. ಬಿಪಿ, ಶುಗರ್ ತಪಾಸಣೆ ಮತ್ತು ಗುಳಿಗೆ ಅಲ್ಲಿ ಉಚಿತ. ಮುಂಬೈಯಲ್ಲಿ ‘ಆಪ್ಲಾ ದವಾಖಾನಾ’ ಎಂಬ ಬೋರ್ಡು ಹುಡುಕಿ, ಹೆಸರು ನಮಗೆ ಹೊಸದಲ್ಲ. ಸೈಟಿನ ಹತ್ತಿರದ ಇಂಥ ದವಾಖಾನಿ ಎಲ್ಲಿದೆ ಎಂದು ಮೇಸ್ತ್ರಿಯನ್ನು ಕೇಳುವುದು, ಗುಳಿಗೆ ಮುಗಿಯಲು ಹತ್ತು ದಿನ ಇರುವಾಗಲೇ ಅಲ್ಲಿಗೆ ಹೋಗಿ ಪುಸ್ತಕ ತೋರಿಸುವುದು, ಇವೆರಡನ್ನು ಮಾಡಿದರೆ ನಡುವೆ ಗುಳಿಗೆ ಬಿಡುವ ಪ್ರಸಂಗ ಬಹಳ ಮಟ್ಟಿಗೆ ತಪ್ಪುತ್ತದೆ.